ಕಸ್ತೂರಿಬಾಯಿ ದೋಣಿಯ ರೆಕ್ಕೆಗಳು

ದೋಣಿ ಇತ್ತು. ರೆಕ್ಕೆಗಳು ಇರಲಿಲ್ಲ.

ಕಮಲಾಪುರದ ಕೆರೆ ದಂಡೆಯ ತಗಡಿನ ಶೆಡ್ಡಿನಲ್ಲಿ ಕಸ್ತೂರಿಬಾಯಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು. ಪಕ್ಕದಲ್ಲಿ ಗಂಡ ಮಹಾದೇವ. ಹಣೆಯ ತುಂಬ ವಿಭೂತಿ, ಕಣ್ಣು ನೀರಿನ ಮೇಲೆ. ಕೆರೆ ಮಾತ್ರ ಏನೂ ಆಗಿಲ್ಲವೆಂಬಂತೆ ಬೆಳಗಿನ ಬಿಸಿಲು ಕಾಯಿಸುತ್ತಿತ್ತು.

“ನಾಳಿಗಿ ರೇಸ್ ಅದರೀ ಮೇಡಂ. ರೆಕ್ಕಿ ಸಿಗಲಿಲ್ಲಂದ್ರ ನಾವು ನೀರಿಗಿಳಿಯಂಗಿಲ್ಲ.”

ಸಬ್ ಇನ್‌ಸ್ಪೆಕ್ಟರ್ ಮಲ್ಲಿಕಾ ದೋಣಿಯನ್ನು ಸುತ್ತಿ ನೋಡಿದಳು. ಪುಟ್ಟ ಕ್ಯಾಟಮರಾನ್. ಎರಡು ಸಪೂರ ದೋಣಿಗಳನ್ನು ಅಡ್ಡಕೊಳವೆಯಿಂದ ಜೋಡಿಸಿ, ನಡುವೆ ಬಟ್ಟೆ ಬಿಗಿದು, ಹಾಯಿ ನಿಲ್ಲಿಸಿದ್ದರು.

“ರೆಕ್ಕಿ ಅಂದ್ರ?”

“ಹೊಸಾ ಸೀಟುರೀ. ಎರಡೂ ಮಗ್ಗಲಿಗೆ ಹೊರಗ ಚಾಚಿರ್ತಾವ. ಗಾಳಿಗೆ ದೋಣಿ ಒಂದ್ ಕಡೆ ಎದ್ದಾಗ ಆ ಕಡೆ ಭಾರ ಬೇಕು. ದೂರ ಕುಂತಷ್ಟೂ ಭಾರಕ್ಕ ಬಲ ಜಾಸ್ತಿ. ಇಷ್ಟು ದಿನ ನಾ ಚುಕ್ಕಾಣಿ ಹಿಡೀತಿದ್ದೆ, ಇವರು ಸೊಂಟಕ್ಕ ತಂತಿ ಕಟ್ಟಿಕೊಂಡು ಹೊರಗ ಜೋತುಬೀಳ್ತಿದ್ರು.”

ಕಸ್ತೂರಿಬಾಯಿ ನಿವೃತ್ತ ಶಿಕ್ಷಕಿ. ಹಾಯಿ ಹಿಡಿಯುವುದನ್ನು ಕಾಲೇಜಿನ ಎನ್‌ಸಿಸಿಯಲ್ಲಿ ಕಲಿತಿದ್ದರು. ಮಹಾದೇವ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದವರು.

“ಯಾರ ಮ್ಯಾಲರ ಸಂಶಯ?”

“ಆ ಸುಜಯೀಂದ್ರನ ಮ್ಯಾಲೆ! ಅವನೂ ರೇಸಿಗಿ ಇಳೀತಾನ. ನಿನ್ನೆ ಟೇಪ್ ಹಿಡಕೊಂಡು ಬಂದು ಸೀಟು ಅಳದು ಹೋಗ್ಯಾನ.”

ಮಲ್ಲಿಕಾ ಬಗ್ಗಿದಳು. ಸೀಟು ಹೋಗಿದ್ದರೂ ಬೋಲ್ಟುಗಳು ಹೋಗಿರಲಿಲ್ಲ. ಒಂದೊಂದೂ ತನ್ನ ತೂತಿನಲ್ಲೇ ಇತ್ತು. ಮೇಲೆ ಹೊಸ ಗ್ರೀಸು.

*

ಸುಜಯೀಂದ್ರ ಬ್ಯಾಂಕಿನ ಕೆಲಸದಲ್ಲಿದ್ದ. ಪೊಲೀಸರನ್ನು ಕಂಡು ಕನ್ನಡಕ ಒರೆಸಿಕೊಂಡ.

“ಅಳದಿದ್ದು ಖರೆ ಮೇಡಂ. ಕದಿಯಾವ ಆಗಿದ್ರ ಟೇಪ್ ಯಾಕ ಬೇಕಿತ್ತು? ನಂಗೂ ಅಂಥವ ಮಾಡಿಸೋದದ. ಬುರ್ಹಾನುದ್ದೀನ್‌ಗ ಅಳತಿ ಕೊಟ್ಟು ಬಂದೀನಿ, ಕೇಳ್ರಿ.”

ನಗರದ ಸ್ಟೇಶನ್ ಬಜಾರದಲ್ಲಿ ಬುರ್ಹಾನುದ್ದೀನ್ ವೆಲ್ಡಿಂಗ್ ನಿಲ್ಲಿಸಿ ಎದ್ದ. ಸೀಟುಗಳನ್ನು ಮಾಡಿಕೊಟ್ಟವನು ಅವನೇ.

“ಅಳತಿ ಕೊಟ್ಟಾರ, ಹೌದ್ರೀ. ಕದ್ದಾರ? ತೋಬಾ!”

“ಸೀಟಿನ ಸುದ್ದಿ ಮತ್ತ ಯಾರ ಜೋಡಿ ಮಾತಾಡೀರಿ?”

“ಮಹಾದೇವ ಸಾಹೇಬ್ರ ಜೋಡಿ. ಕೊಂಡೊಯ್ಯಾಕ ಬಂದಾಗ ಅಂದೆ, ‘ಈಗ ನೋಡ್ರಿ, ಬಾಯಿಯವರು ಒಬ್ಬರೇ ದೋಣಿ ಸಂಭಾಳಸ್ತಾರ. ಜೋತುಬೀಳಾಕ ಮನಷ್ಯಾ ಬೇಕಾಗಿಲ್ಲ.’ ಖುಷಿ ಆಗ್ತಾರ ಅನ್ಕೊಂಡೆ. ಚಾ ಅರ್ಧಕ್ಕ ಬಿಟ್ಟು ಹೋದ್ರು ಪಾಪ.”

*

ಸಂಜೆ ಶರಣಬಸಪ್ಪನ ಗುಡಿಯ ಕಡೆ ಕೈಮುಗಿದು ಮಲ್ಲಿಕಾ ಜಗತ್ ಸರ್ಕಲ್ ಹಿಂದಿನ ಓಣಿಯಲ್ಲಿದ್ದ ಗಂಡ-ಹೆಂಡಿರ ಮನೆಗೆ ಬಂದಳು. ಕಸ್ತೂರಿಬಾಯಿ ಚಹಾಕ್ಕಿಟ್ಟರು. ಅಡುಗೆಮನೆಯ ಕಟ್ಟೆಯ ಮೇಲೆ ತಳ ಬಿಚ್ಚಿದ ಮಿಕ್ಸರ್ ಇತ್ತು. ತಳವಿಲ್ಲ, ಸ್ಕ್ರೂಗಳು ಮಾತ್ರ ತಮ್ಮ ತಮ್ಮ ತೂತುಗಳಲ್ಲಿ ನೆಟ್ಟಗೆ ಕೂತಿದ್ದವು.

“ಇದನ್ನ ಬಿಚ್ಚಿದವರು?”

“ಇವರ, ಇನ್ಯಾರು! ಬಿಚ್ಚಿದ ಸ್ಕ್ರೂ ಆಯಾ ತೂತಿಗೇ ತಿರುವಿ ಇಡಬೇಕಂತ. ಕಳೆಯಂಗಿಲ್ಲಂತ. ಡಿಪೋದಾಗಿನ ಚಾಳಿ, ಮನಿಗೂ ಬಂದದ.”

ಮಲ್ಲಿಕಾ ಕಟ್ಟೆಯ ಪಕ್ಕ ನಿಂತಿದ್ದ ಮಹಾದೇವರ ಕಡೆ ತಿರುಗಿದಳು.

“ಯಜಮಾನ್ರ, ನೀವು ಹೇಳ್ತೀರೋ, ನಾ ಹೇಳ್ಲೋ?”

ಮಹಾದೇವ ಮಿಕ್ಸರಿನ ಒಂದು ಸ್ಕ್ರೂ ತಿರುವತೊಡಗಿದರು.

“ಕಳ್ಳ ಆಗಿದ್ರ ಬೋಲ್ಟು ಸುದ್ದಾ ಒಯ್ತಿದ್ದ, ಇಲ್ಲಾ ಅಲ್ಲೇ ಒಗದು ಹೋಗ್ತಿದ್ದ. ಗ್ರೀಸ್ ಹಚ್ಚಿ ವಾಪಸ್ ತಿರುವಿದ ಕೈಗೆ ಆ ದೋಣಿ ಮ್ಯಾಲೆ ಜೀವ ಅದ. ಸುಜಯೀಂದ್ರಗ ಅಳತಿ ಸಾಕಾಗಿತ್ತು. ಬುರ್ಹಾನುದ್ದೀನನ ಮಾತಿಗೆ ಚಾ ಬಿಟ್ಟು ಎದ್ದವರು ನೀವು.”

“ಕಮಲಾಪುರದಾಗ ನಮ್ಮ ದೋಸ್ತ ಬಂಡುನ ಬಾಳೆಹಣ್ಣು ಮಾಗಿಸೋ ಖೋಲಿಯಾಗ ಅದಾವ,” ಎಂದರು ಮಹಾದೇವ. “ಹುಲ್ಲಿನಾಗ ಸುತ್ತಿ ಇಟ್ಟೀನಿ. ಒಂದ್ ಗೀರೂ ಬಿದ್ದಿಲ್ಲ.”

ಕಸ್ತೂರಿಬಾಯಿಯ ಕೈಯಲ್ಲಿ ಸೌಟು ನಿಂತಿತು. “ಯಾಕ್ರೀ?”

“ನೀ ಒಬ್ಬಾಕಿನ ಹೋದ್ರ ನಾ ದಂಡ್ಯಾಗ ನಿಂತು ಏನ್ ಮಾಡ್ಲಿ? ಚಪ್ಪಾಳಿ ಹೊಡೀಲೇನು?”

ದೇವರು ಬಾಯಿ ಕೊಟ್ಟದ್ದು ಕೇಳಿ ತಿಳಿಯಲೆಂದು. ಇಷ್ಟು ವರ್ಷ ಕೂಡಿ ಬಾಳಿದವರು ಅದನ್ನು ಊಟಕ್ಕಷ್ಟೇ ತೆರೆಯುವುದೂ ಉಂಟು.

“ತಂತಿಗೆ ಜೋತುಬಿದ್ದು ಬಂದ ದಿನ ನಿದ್ದಿಯಾಗ ಮೊಣಕಾಲು ಹಿಡಕೊಂಡು ನರಳ್ತೀರಿ,” ಎಂದರು ಕಸ್ತೂರಿಬಾಯಿ. “ಅದಕ್ಕ ಮಾಡಿಸಿದ್ದು. ಒಬ್ಬಾಕಿಗಿ ಅಷ್ಟು ಉದ್ದನ ಸೀಟು ಯಾಕ ಬೇಕಿತ್ತು? ಇಬ್ಬರು ಕುಂದ್ರಾಕ!”

“ಮೊದಲ ಹೇಳಬೇಕಿಲ್ಲ?”

“ಹೇಳಿದ್ರ ‘ನನ್ನ ಕಾಲಿಗೇನಾಗೇದ’ ಅಂತಿದ್ರಿ. ತಂತಿ ಬಿಡ್ತಿದ್ರೇನು?”

ಮಹಾದೇವ ಮೊಣಕಾಲು ಸವರಿಕೊಂಡರು.

ಮಲ್ಲಿಕಾ ಗಂಟಲು ಸರಿಮಾಡಿಕೊಂಡಳು. “ಕಂಪ್ಲೇಂಟ್ ಬರ್ಕೋಬೇಕೇನ್ರಿ ಅಮ್ಮಾರ?”

“ಬರ್ಕೊಳ್ರಿ ಮೇಡಂ. ಒಂದ್ ದಿನ ಒಳಗ ಹಾಕ್ರಿ ಇವರನ್ನ.” ಕಸ್ತೂರಿಬಾಯಿ ಗಂಡನ ಮುಂದೆ ಮೊದಲ ಕಪ್ಪು ಇಟ್ಟರು. “ಆದ್ರ ನಾಳಿ ಬ್ಯಾಡ. ನಾಳಿ ನಂಗ ಬೇಕಾಗ್ತಾರ.”