ಬಿರಡೆಯಿಲ್ಲದ ದೋಣಿ

ಮಗುಚಿದ ದೋಣಿಯನ್ನು ದಡಕ್ಕೆ ಎಳೆದು ತಂದಾಗ ಕೆಂಪು ಹಾಯಿ ಅದಕ್ಕೆ ಒದ್ದೆ ಬಟ್ಟೆಯ ಹಾಗೆ ಸುತ್ತಿಕೊಂಡಿತ್ತು. ಹಾಯಿದೋಣಿ ಕಲಿಸುತ್ತಿದ್ದ ಕೋಚ್‌ನ ದೇಹವನ್ನು ಆಗಲೇ ಕ್ಲಬ್ಬಿನ ಜಗಲಿಯ ಮೇಲೆ ಮಲಗಿಸಿದ್ದರು. ಮೈಮೇಲೆ ಲೈಫ್ ಜಾಕೆಟ್ ಇತ್ತು. ಕಿವಿಯ ಮೇಲ್ಗಡೆ ಪೆಟ್ಟು.

"ಗಾಳಿಗೆ ಮಗುಚಿದೆ. ಹಾಯಿಯ ಅಡ್ಡಕಂಬ ತಲೆಗೆ ಬಡಿದು ಎಚ್ಚರ ತಪ್ಪಿದೆ. ಮುಖ ನೀರಲ್ಲೇ ಇತ್ತಂತೆ," ಎಂದರು ಡಾಕ್ಟರು.

ಇನ್ಸ್‌ಪೆಕ್ಟರ್ ತಲೆಯಾಡಿಸಿದಳು. ಆದರೂ ದೋಣಿಯನ್ನು ಒಂದು ಸುತ್ತು ಹಾಕಿದಳು. ಹಿಂಭಾಗದ ತಳದಲ್ಲಿ ಹೆಬ್ಬೆರಳು ಗಾತ್ರದ ತೂತು. ಒಳಗಿನಿಂದ ನೀರು ಇನ್ನೂ ಸುರಿಯುತ್ತಿತ್ತು.

"ಇದೇನು?"

ರಕ್ಷಣೆಗೆಂದು ಇಟ್ಟ ಮೋಟಾರು ದೋಣಿಯ ಡ್ರೈವರ್ ಬಗ್ಗಿ ನೋಡಿದ. ಮುಖ ಬಿಳಿಚಿಕೊಂಡಿತು.

"ನೀರು ಬಸಿಯೋ ತೂತು, ಮೇಡಂ. ದೋಣಿ ಇಳಿಸೋ ಮುಂಚೆ ಬಿರಡೆ ಹಾಕ್ತಾರೆ. ಇಲ್ದಿದ್ರೆ ಒಳಗೆ ನೀರು ತುಂಬ್ಕೊಳ್ಳುತ್ತೆ. ಭಾರದ ದೋಣಿ ಈ ಗಾಳೀಲಿ ಎಲ್ಲಿ ನಿಲ್ಲುತ್ತೆ?"

"ಕಳಚಿ ಬಿದ್ದಿರಬಹುದಾ?"

"ತಿರುಪಿನ ಬಿರಡೆ. ಯಾರಾದ್ರೂ ಬಿಚ್ಚಬೇಕು."

*

ಎಲ್ಲರ ಬೆರಳೂ ಬೇಕರಿಯವನ ಕಡೆ ತಿರುಗಿತು. ಪ್ರತಿ ವಾರದ ಸ್ಪರ್ಧೆಯಲ್ಲೂ ಕೋಚ್‌ನ ಹಿಂದೆ ಎರಡನೆಯವನಾಗಿ ಬರುತ್ತಿದ್ದವನು ಅವನು. ಬೆಳಿಗ್ಗೆ ತನ್ನ ದೋಣಿಯನ್ನು ಕೋಚ್‌ನ ಸ್ವಂತ ದೋಣಿಗೆ ಗುದ್ದಿ ಅದರ ಚುಕ್ಕಾಣಿ ಮುರಿದಿದ್ದ.

"ಬೇಕಂತಲೇ ಗುದ್ದಿದ್ರಾ?"

"ಗಾಳಿ ತಳ್ಳಿತು ಮೇಡಂ. ಬೈದೆ, ಬೈಸ್ಕೊಂಡೆ. ಅಷ್ಟಕ್ಕೆ ಮನುಷ್ಯನ್ನ ಸಾಯಿಸ್ತಾರಾ?"

"ಅವರು ಈ ಕೆಂಪು ಹಾಯಿಯ ದೋಣಿ ತಗೋತಾರೆ ಅಂತ ಗೊತ್ತಿತ್ತಾ?"

"ಅವರಿಗೇ ಗೊತ್ತಿರ್ಲಿಲ್ಲ. ಇದು ಸ್ಪರ್ಧೆಯ ತೀರ್ಪುಗಾರರ ಮಗಳದ್ದು. ಚುಕ್ಕಾಣಿ ಮುರಿದ ಮೇಲೆ ಅವಳ ಹತ್ರ ಇಸ್ಕೊಂಡು ಓಡೋಡಿ ಇಳಿಸಿದ್ರು. ಸ್ಪರ್ಧೆ ಶುರು ಮಾಡೋ ಹಾರ್ನ್ ಹೊಡೆಯೋ ಹೊತ್ತಾಗಿತ್ತು."

ಇನ್ಸ್‌ಪೆಕ್ಟರ್ ಅವನನ್ನು ಕಳಿಸಿಬಿಟ್ಟಳು. ಬಿರಡೆ ಬಿಚ್ಚಿದವರ ಕಣ್ಣು ಕೋಚ್ ಮೇಲೆ ಇರಲೇ ಇಲ್ಲ.

*

ಬಟ್ಟೆ ಬದಲಿಸುವ ಕೋಣೆಯ ಬೆಂಚಿನ ಮೇಲೆ ತೀರ್ಪುಗಾರರ ಮಗಳು ಬ್ಯಾಗನ್ನು ಅವುಚಿಕೊಂಡು ಕೂತಿದ್ದಳು.

"ನಿಮ್ಮ ದೋಣಿ ಯಾಕೆ ಕೊಟ್ರಿ?"

"ಗಾಳಿ ನೋಡಿ ಭಯ ಆಯ್ತು. ಹೋದ ವರ್ಷ ಮಗುಚಿ ಸಾಯೋದ್ರಲ್ಲಿದ್ದೆ. ಇವತ್ತು ಹೋಗಲ್ಲ ಅಂತ ಅಪ್ಪನಿಗೆ ಹೇಳೋಕೆ ಗೋಪುರದ ಮೇಲೆ ಹೋಗ್ತಿದ್ದೆ. ಅಷ್ಟರಲ್ಲಿ ಹಾರ್ನ್ ಆಯ್ತು." ಅವಳು ಮುಖ ಮುಚ್ಚಿಕೊಂಡಳು. "ಬಿರಡೆ ನೋಡಿ ಅಂತ ಕೋಚ್‌ಗೆ ಹೇಳ್ಬೇಕಿತ್ತು. ನಾನಾಗಿದ್ರೆ ಮುಟ್ಟಿ ನೋಡ್ದೆ ಇಳಿಸ್ತಿರ್ಲಿಲ್ಲ."

"ಬಿರಡೆ ಕಾಣದಿದ್ರೆ?"

"ಬ್ಯಾಗಲ್ಲಿ ಇನ್ನೊಂದು ಇರುತ್ತೆ."

ತೋರಿಸಲು ಜಿಪ್ ಎಳೆದಳು. ಟವೆಲ್, ಕೈಗವಸು, ಹಗ್ಗದ ಸುರುಳಿ ಎಲ್ಲ ಬೆಂಚಿನ ಮೇಲೆ ಬಂದವು. ಬಿರಡೆ ಇರಲಿಲ್ಲ.

"ನಿನ್ನೆ ಮನೇಲಿ ಜೋಡಿಸಿದಾಗ ಇತ್ತು. ಇಲ್ಲಿ ಬಂದ ಮೇಲೆ ಬ್ಯಾಗ್ ಬಿಟ್ಟು ಕದಲೇ ಇಲ್ಲ."

"ಮನೇಲಿ ಯಾರ್ಯಾರಿದ್ದೀರಿ?"

ಮಗಳು ನಿಧಾನವಾಗಿ ತಲೆಯೆತ್ತಿದಳು. "ನಾನು. ಅಪ್ಪ."

ಹೊರಗೆ ಡ್ರೈವರ್ ಇನ್ನೂ ನೀರನ್ನೇ ನೋಡುತ್ತ ನಿಂತಿದ್ದ.

"ಕೋಚ್ ದೋಣಿ ಮಗುಚೋವಾಗ ನೀವೆಲ್ಲಿದ್ರಿ?"

"ಆ ಕಡೆ ಇನ್ನೊಂದು ದೋಣಿ ಮಗುಚಿತ್ತು ಮೇಡಂ. ಇಬ್ಬರನ್ನ ಎತ್ತೋಕೆ ಹೋಗಿದ್ದೆ. ಕೆಂಪು ಹಾಯಿ ಪಕ್ಕ ಬಿಟ್ಟು ಕದಲ್ಬೇಡ ಅಂತ ತೀರ್ಪುಗಾರರು ಹಾರ್ನ್ ಹೊಡೆಯೋ ಮುಂಚೆನೇ ವೈರ್‌ಲೆಸ್‌ನಲ್ಲಿ ಹೇಳಿದ್ರು. ನಾನೇನ್ ಮಾಡ್ಲಿ?"

*

ಗೋಪುರದ ಮೇಲಿನ ಕೋಣೆಯಲ್ಲಿ ತೀರ್ಪುಗಾರರು ಒಬ್ಬರೇ ಇದ್ದರು. ಕಿಟಕಿ ಗಾಜು ಗಾಳಿಗೆ ಗಡಗಡ ಅನ್ನುತ್ತಿತ್ತು. ಇನ್ಸ್‌ಪೆಕ್ಟರ್ ಹಿಂದೆಯೇ ಮಗಳೂ ಮೆಟ್ಟಿಲು ಹತ್ತಿ ಬಂದಿದ್ದಳು.

"ನಿಮ್ಮ ಮಗಳು ಬಿರಡೆ ಮುಟ್ಟಿ ನೋಡ್ದೆ ದೋಣಿ ಇಳಿಸಲ್ಲ," ಎಂದಳು ಇನ್ಸ್‌ಪೆಕ್ಟರ್. "ಅದು ಗೊತ್ತಿದ್ದವರು ಅವಳನ್ನ ಮುಳುಗಿಸೋಕೆ ಬಿಚ್ಚಿಲ್ಲ, ದಡದಲ್ಲೇ ನಿಲ್ಲಿಸೋಕೆ ಬಿಚ್ಚಿದ್ದಾರೆ. ಬೇರೆ ಹಾಕ್ಕೋಬಾರ್ದು ಅಂತ ಬ್ಯಾಗಿಂದಾನೂ ತೆಗೆದಿದ್ದಾರೆ. ಬ್ಯಾಗ್ ನಿಮ್ಮ ಮನೇಲಿತ್ತು, ಸರ್."

ಅವರು ಕೊರಳಲ್ಲಿದ್ದ ಬೈನಾಕ್ಯುಲರ್ ತೆಗೆದು ಮೇಜಿನ ಮೇಲಿಟ್ಟರು.

"ಇಷ್ಟೇ ಆಗಿದ್ರೆ ಅಚಾತುರ್ಯ ಅಂತಿದ್ದೆ. ಆದ್ರೆ ನೀವು ಬೈನಾಕ್ಯುಲರ್‌ನಲ್ಲಿ ಕೋಚ್‌ನ ನೋಡಿದ್ರಿ. ದೋಣಿಗೆ ನೀರು ತುಂಬುತ್ತೆ ಅಂತ ಗೊತ್ತಿದ್ದಕ್ಕೇ ಅದರ ಪಕ್ಕ ಇರು ಅಂತ ಡ್ರೈವರ್‌ಗೆ ಹೇಳಿದ್ರಿ. ಬಾವುಟ ಏರಿಸಿದ್ರೆ ಸ್ಪರ್ಧೆ ನಿಲ್ತಿತ್ತು, ಮಗಳು ಇದ್ದಿದ್ರೆ ಏರಿಸ್ತಿದ್ರಿ. ನೀವು ಹಾರ್ನ್ ಹೊಡೆದ್ರಿ."

"ಈ ಗಾಳೀಲಿ ಬೇಡ ಅಂತ ಇವಳಿಗೆ ಹೇಳಿ ಹೇಳಿ ಸಾಕಾಗಿತ್ತು," ಎಂದರು ಅವರು. "ಸ್ಪರ್ಧೆ ರದ್ದು ಮಾಡಿದ್ರೆ ಮಗಳಿಗೋಸ್ಕರ ಮಾಡ್ದ ಅಂತ ಆಡ್ಕೋತಿದ್ರು. ಬೆಳಿಗ್ಗೆ ಬೇಗ ಬಂದು ಬಿಚ್ಚಿಟ್ಟೆ. ಆಮೇಲೆ ಆ ದೋಣೀಲಿ ಕೋಚ್‌ನ ನೋಡ್ದೆ. ನಿಲ್ಲಿಸಿದ್ರೆ ಯಾಕೆ ಅಂತ ಕೇಳೋರು. ಏನು ಹೇಳ್ಲಿ? ಅಷ್ಟು ಪಳಗಿದವನು, ನೀರು ಕಂಡ ಕೂಡ್ಲೇ ವಾಪಸ್ ಬರ್ತಾನೆ ಅಂದ್ಕೊಂಡೆ."

ಮಗಳು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು.

"ಅಪ್ಪಾ, ದೋಣೀಲಿ ನಾನಿಲ್ಲ ಅಂತ ಕಂಡಾಗ ನಿಂಗೆ ಸಮಾಧಾನ ಆಯ್ತಾ?"

ಅವರು ಅವಳ ಮುಖ ನೋಡಲಿಲ್ಲ. "ಹೂಂ," ಎಂದರು.

ಮಗಳು ಗೋಡೆಗೆ ಸರಿದು ಅವರಿಬ್ಬರಿಗೂ ದಾರಿ ಬಿಟ್ಟಳು.