ಎಡ ನಳಿಗೆಯ ತಪ್ಪು

"ಓದಿ ಮೇಡಂ, ಬೇಕಾದ್ದು ಬರ್ಕೊಳ್ಳಿ. ಆದ್ರೆ ಕೊನೇ ಕಾಲಂ ಮಾತ್ರ ಮುಟ್ಟಬೇಡಿ."

ದಾಖಲೆ ಕೋಣೆಯ ಮುದುಕ ದಫ್ತರವನ್ನು ಮೇಜಿನ ಮೇಲಿಟ್ಟು ಕೈಗಳನ್ನು ಅಂಗಿಗೆ ಒರೆಸಿಕೊಂಡ. ಕೈ ಸ್ವಚ್ಛವಾದ ಮೇಲೂ ಒರೆಸುತ್ತಲೇ ಇದ್ದ.

"ಯಾಕೆ, ಕಚ್ಚುತ್ತಾ?" ಎಂದಳು ಉಪನ್ಯಾಸಕಿ.

"ನಗಬೇಡಿ."

"ನಗದೆ ಇನ್ನೇನು ಮಾಡ್ಲಿ ಯಜಮಾನ್ರೇ? ನಾನು ಕಾಲೇಜಲ್ಲಿ ಭೌತಶಾಸ್ತ್ರ ಹೇಳ್ಕೊಡೋಳು. ಮಾಟಕ್ಕೆ ಹೆದರಿ ವಾಪಸ್ ಬಂದೆ ಅಂದ್ರೆ ಹುಡುಗರು ಬೆಂಚು ಕುಟ್ಟಿ ನಗ್ತಾರೆ."

ಕೋವಿ ಕಾರ್ಖಾನೆ ಮುಚ್ಚಿ ಬಹಳ ವರ್ಷಗಳಾಗಿದ್ದವು. ಯಂತ್ರಗಳೆಲ್ಲ ಗುಜರಿಗೆ ಹೋಗಿ ಉಳಿದದ್ದು ನೆಲಮಾಳಿಗೆಯ ಈ ಕೋಣೆ, ಗೆದ್ದಲು ಬಿಟ್ಟಷ್ಟು ದಫ್ತರಗಳು ಮತ್ತು ಅವನ್ನು ಕಾಯುವ ಮುದುಕ. ಹಳೆಯ ಕೋವಿಯ ನಂಬರು ಹಿಡಿದು ಯಾರಾದರೂ ಬಂದರೆ ಅದರ ಹುಟ್ಟಿನ ವಿವರ ಹುಡುಕಿಕೊಡುವುದು ಅವನ ಕೆಲಸ. ಅವಳು ತಂದಿದ್ದ ಚೀಟಿಯಲ್ಲಿ ಒಂದು ಜೋಡಿ ನಳಿಗೆ ಕೋವಿಯ ನಂಬರಿತ್ತು.

ಆ ಕೋವಿ ಅವಳ ಅಣ್ಣನನ್ನು ಕೊಂದಿತ್ತು. ಅವಳು ಹುಟ್ಟುವ ಮೊದಲೇ. ಗೋಡೆಯ ಮೊಳೆಯಿಂದ ಜಾರಿ ಬಿದ್ದು, ಎಡ ನಳಿಗೆ ಸಿಡಿದು, ಕೆಳಗೆ ಆಡುತ್ತಿದ್ದ ಹುಡುಗ ಅಲ್ಲೇ ಮುಗಿದುಹೋಗಿದ್ದ. ಹಿಂದಿನ ದಿನ ತೋಟಾ ತೆಗೆದಿಟ್ಟಿದ್ದೆನೋ ಇಲ್ಲವೋ ಎಂಬುದು ಅಪ್ಪನಿಗೆ ನೆನಪಿರಲಿಲ್ಲ. ನೆನಪಿಲ್ಲದ್ದನ್ನೇ ತಪ್ಪೆಂದು ಒಪ್ಪಿಕೊಂಡು ಬದುಕಿಡೀ ಹೊತ್ತ. ಆಮೇಲೆ ಹುಟ್ಟಿದ ಮಗಳನ್ನು ಒಮ್ಮೆಯೂ ಎತ್ತಿಕೊಳ್ಳಲಿಲ್ಲ. ಕೊಡಲು ಹೋದರೆ "ಈ ಕೈಯಲ್ಲಿ ಬೇಡ" ಎನ್ನುತ್ತಿದ್ದನಂತೆ. ಊಟಕ್ಕೆ ಯಾರ ಜೊತೆಯೂ ಕೂರುತ್ತಿರಲಿಲ್ಲ. ಅಮ್ಮ ತೀರಿಕೊಂಡ ಮೇಲೆ ಊಟವೂ ಎರಡು ತುತ್ತಿಗೆ ಇಳಿಯಿತು. ಈಗ ಅವನ ಹೃದಯ ಸೋತಿದೆ, ಹೆಚ್ಚು ದಿನ ಎಳೆಯುವುದಿಲ್ಲ ಎಂದು ಡಾಕ್ಟರು ಹೇಳಿದ್ದರು.

ಕೋವಿಗೆ ಹುಟ್ಟಿನಿಂದಲೇ ದೋಷವಿತ್ತು ಎಂಬ ಒಂದೇ ಒಂದು ಸಾಲು ಸಿಕ್ಕರೆ ಸಾಕಿತ್ತು. ಅಪ್ಪ ಕಣ್ಣು ಮುಚ್ಚುವ ಮೊದಲು ಅದನ್ನು ಅವನಿಗೆ ಓದಿ ಹೇಳಬೇಕು. ಅಷ್ಟಕ್ಕೇ ಅವಳು ಬಂದಿದ್ದಳು.

"ಇಲ್ಲಿ ಒಂದು ಪದ್ಧತಿ ಇತ್ತು," ಮುದುಕ ಬಾಗಿಲಿನತ್ತ ಹಿಂದೆ ಸರಿಯುತ್ತಲೇ ಹೇಳಿದ. "ಕೆಲಸದಲ್ಲಿ ಏನೇ ಕೆಡಲಿ, ಕೊನೇ ಕಾಲಂನಲ್ಲಿ ಯಾರದಾದ್ರೂ ಒಬ್ಬರ ಹೆಬ್ಬೆಟ್ಟು ಬೀಳಲೇಬೇಕು. ತಪ್ಪು ಯಾರದೂ ಅಲ್ಲ ಅಂತ ಖಾಲಿ ಬಿಡೋ ಹಾಗಿಲ್ಲ."

"ಈ ಕೋವಿಗೆ ಯಾರದು ಬಿತ್ತು?"

"ಎಣ್ಣೆಯವಳದು. ಮರದ ಹಿಡಿಗೆ ಅಗಸೆ ಎಣ್ಣೆ ತಿಕ್ಕೋಳು. ಇಲ್ಲೇ ಇದರ ಗುಂಡಿಗೆ ಸತ್ತಿದ್ದು ಅವಳದೇ ಮಗು, ಆದ್ರೂ ಅವಳ ಕೈಯಲ್ಲೇ ಒತ್ತಿಸಿದ್ರು. ಮಾರನೇ ದಿನ ಕೆಲಸಕ್ಕೆ ಬಂದ್ಲು. ಮಗೂನ ಸುಟ್ಟ ಬೂದಿ, ತನ್ನ ತಲೆಕೂದಲು, ಎರಡನ್ನೂ ಎಣ್ಣೆಗೆ ಕಲಸಿ, ಬಾಯಲ್ಲಿ ಏನೋ ಮಣಮಣ ಅಂತಾ, ಸಂಜೆವರೆಗೂ ಇದೊಂದೇ ಕೋವಿಗೆ ತಿಕ್ಕಿದ್ಲು. ಇದು ಹೋದ ಮನೇಲೆಲ್ಲ ಒಂದು ಮಗು ಹೋಗ್ಲಿ, ಆ ತಪ್ಪನ್ನ ಆ ಮಗೂನ ಪ್ರೀತಿಸಿದೋರೇ ಹೊರಲಿ ಅಂತ."

"ಅಷ್ಟು ಶಕ್ತಿ ಇದ್ದ ಎಣ್ಣೇಲಿ ಈ ಬಲ್ಬನ್ನಾದ್ರೂ ಸರಿಯಾಗಿ ಉರಿಸ್ಬಹುದಿತ್ತಲ್ಲ."

ಮುದುಕ ಹೊರಟೇಹೋದ. ಮೆಟ್ಟಿಲ ಮೇಲೆ ಅವನ ಚಪ್ಪಲಿಯ ಸದ್ದು ದೂರವಾಯಿತು.

ಅವಳು ಹಾಳೆ ತಿರುಗಿಸಿದಳು. ತೇವದ ಕಾಗದ, ತುಕ್ಕು, ಇಲಿಯ ನಾತ. ಅವುಗಳ ಅಡಿಯಲ್ಲಿ ಬೆಚ್ಚಗೆ, ಈಗಷ್ಟೇ ಯಾರೋ ತಿಕ್ಕಿಹೋದ ಹಾಗೆ, ಎಣ್ಣೆಯ ವಾಸನೆ. ನಂಬರು ಸಿಕ್ಕಿತು. ಮುಂದೆ ದುಂಡನೆಯ ಅಕ್ಷರಗಳಲ್ಲಿ: ಪರೀಕ್ಷೆಯ ವೇಳೆ ಎಡ ನಳಿಗೆ ತಾನಾಗಿ ಸಿಡಿಯಿತು. ಅಂಗಳದಲ್ಲಿದ್ದ ಒಂದು ಮಗು ಸತ್ತಿತು. ತಪ್ಪು, ಮಗುವನ್ನು ಕೆಲಸಕ್ಕೆ ಕರೆತಂದವಳದು.

ತಾನಾಗಿ ಸಿಡಿಯಿತು. ಅವಳು ಆ ಎರಡು ಪದಗಳ ಮೇಲೆ ಬೆರಳಾಡಿಸಿದಳು. ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡಳು. ಬಂದ ಕೆಲಸ ಮುಗಿದಿತ್ತು. ಅವಳು ಎದ್ದುಬಿಡಬಹುದಿತ್ತು.

ಆದರೆ ಆ ಹೆಬ್ಬೆಟ್ಟಿನ ಗುರುತು ಕಣ್ಣಿಗೆ ಬಿತ್ತು. ನೆಟ್ಟಗೆ ಬಿದ್ದಿರಲಿಲ್ಲ. ಹಿಂದಕ್ಕೆಳೆಯುತ್ತಿದ್ದ ಕೈಯನ್ನು ಯಾರೋ ಹಿಡಿದು ಒತ್ತಿದಂತೆ ಮಸಿ ಓರೆಯಾಗಿ ಜಾರಿತ್ತು. ಅದರಲ್ಲಿ ಅವಳಿಗೆ ಅಪ್ಪನ ಕೈ ಕಾಣಿಸಿತು. ಇದನ್ನು ಹೀಗೇ ಬಿಟ್ಟುಹೋಗಲು ಮನಸ್ಸಾಗಲಿಲ್ಲ. ಪೆನ್ನು ತೆಗೆದಳು. ಗುರುತಿನ ಮೇಲೆ ಅಡ್ಡಗೆರೆ ಎಳೆದಳು.

"ತಪ್ಪು ನಿನ್ನದಲ್ಲಮ್ಮ," ಎಂದಳು, ಮೆಲ್ಲಗೆ. "ನಮ್ಮಪ್ಪಂದೂ ಅಲ್ಲ. ಯಾರದೂ ಅಲ್ಲ."

ಬಲ್ಬು ಆರಿತು.

ಕತ್ತಲು. ಎಣ್ಣೆಯ ವಾಸನೆ ಏರಿತು. ಮೂಗಿಗೆ, ನಾಲಿಗೆಗೆ, ಗಂಟಲಿಗೆ. ಎಲ್ಲೋ ಬಟ್ಟೆಯಿಂದ ಮರ ತಿಕ್ಕುವ ಸದ್ದು. ಸರ್. ಸರ್. ಮೇಜಿನಾಚೆಗಿತ್ತು. ಮೇಜಿನ ಪಕ್ಕಕ್ಕೆ ಬಂತು. ಕುರ್ಚಿಯ ಹಿಂದೆ ನಿಂತಿತು. ಅವಳು ಏಳಲು ನೋಡಿದಳು. ಕಾಲು ಬರಲಿಲ್ಲ. ಕಿವಿಯ ಪಕ್ಕ ಉಸಿರು. ಅದರಲ್ಲಿ ಕೋಪವಿರಲಿಲ್ಲ. ಅತ್ತು ಅತ್ತು ಬತ್ತಿದ ದನಿ.

"ಹಾಗಾದ್ರೆ ಯಾರದು?"

ಜಿಡ್ಡಿನ ಕೈಯೊಂದು ಅವಳ ಮಣಿಕಟ್ಟು ಹಿಡಿಯಿತು. ಅವಳು ಎಳೆದುಕೊಂಡಳು. ಅದು ಬಿಡಲಿಲ್ಲ. ಹೆಬ್ಬೆರಳು ಬಗ್ಗಿತು. ಕಾಗದ ತಾಗಿತು. ಒತ್ತಿತು. ಜಾರಿತು.

ಮುದುಕ ಟಾರ್ಚು ಹಿಡಿದು ಓಡಿಬಂದಾಗ ಅವಳು ತನ್ನ ಹೆಬ್ಬೆರಳನ್ನೇ ನೋಡುತ್ತ ಕುಳಿತಿದ್ದಳು. ಅವನು ಹಾಳೆಗೆ ಬೆಳಕು ಬಿಟ್ಟ. ಅಡ್ಡಗೆರೆಯ ಕೆಳಗೆ ಹೊಸ ಹೆಬ್ಬೆಟ್ಟು ಕಂಡು ಟಾರ್ಚು ಆರಿಸಿದ.

"ಇನ್ನು ಈ ತಪ್ಪು ನಿಮ್ದೇ, ತಾಯಿ. ನನ್ನದಲ್ಲ ಅಂತ ಯಾರ ಮುಂದೂ ಬಾಯಿ ಬಿಡಬೇಡಿ. ಬೇಡ ಅಂದ್ರೆ, ನಿಮ್ಮನೇಲಿ ನಿಮಗಿಂತ ಮುಂಚೆ ಹೊತ್ತವರ ಹತ್ರಾನೇ ವಾಪಸ್ ಹೋಗುತ್ತೆ."

ಮನೆ ತಲುಪಿದಾಗ ಇನ್ನೂ ಬೆಳಕಿತ್ತು. ಒಳಗಿಂದ ಸಾರಿನ ಒಗ್ಗರಣೆಯ ಘಮ. ಅಪ್ಪ ಒಲೆಯ ಮುಂದೆ ನಿಂತಿದ್ದ. ಬೆನ್ನು ನೆಟ್ಟಗಿತ್ತು. ಮೇಜಿನ ಮೇಲೆ ಎರಡು ತಟ್ಟೆ.

"ಬಂದ್ಯಾ ಚಿನ್ನಿ? ಎಷ್ಟು ಹೊತ್ತು! ಸಾರಿಗೆ ಉಪ್ಪು ಜಾಸ್ತಿ ಆಗಿದೆ, ಬಯ್ಕೊಳ್ದೆ ತಿನ್ನು."

ಅವಳು ಬಾಗಿಲಲ್ಲೇ ನಿಂತಳು. ಅಪ್ಪ ತಮಾಷೆ ಮಾಡಿದ್ದನ್ನು ಅವಳು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಫೋಟೋ ತೋರಿಸಬೇಕೆಂದು ಮೊಬೈಲು ತೆಗೆದಳು. ಅದರಲ್ಲಿ ಬರೀ ಕಪ್ಪು.

"ಅಪ್ಪ, ಅಣ್ಣನ ವಿಷಯ..."

ಅವನ ಮುಖ ಬಾಡಿತು. ಆದರೆ ತನಗಾಗಿ ಅಲ್ಲ. ಬಳಿ ಬಂದು ಅವಳ ತಲೆಯ ಮೇಲೆ ಕೈಯಿಟ್ಟ. ಒರಟು, ಬೆಚ್ಚಗಿನ ಕೈ.

"ಇನ್ನೂ ಅದನ್ನೇ ಕೊರಗ್ತೀಯಲ್ಲೇ. ನಾನು ತೋಟಾ ತೆಗೆದು ಡಬ್ಬೀಲಿ ಇಟ್ಟಿದ್ದೆ, ನಿಜ. ನೀನು ಮತ್ತೆ ಹಾಕ್ದೆ, ಅದೂ ನಿಜ. ಮೂರು ವರ್ಷದ ಮಗುಗೆ ಏನು ಗೊತ್ತಿರುತ್ತೆ ಹೇಳು? ಬಾ, ಇವತ್ತಾದ್ರೂ ನನ್ನ ಜೊತೆ ಕೂತು ಉಣ್ಣು."

ನಾನಾಗ ಹುಟ್ಟೇ ಇರಲಿಲ್ಲ. ಮಾತು ನಾಲಿಗೆಯ ತುದಿಗೆ ಬಂತು. ಅದರ ಜೊತೆಗೇ ಇನ್ನೊಂದೂ ಬಂತು: ಪುಟ್ಟ ಬೆರಳುಗಳಲ್ಲಿ ಕೆಂಪು ತೋಟಾ, ಹಿತ್ತಾಳೆಯ ತಣ್ಣನೆಯ ಅಂಚು, ಕುರ್ಚಿ ಹತ್ತಿದ ಕಾಲುಗಳ ನಡುಕ. ಅವಳ ಎದೆಯ ಮೇಲೆ ಕಲ್ಲು ಹೇರಿದಂತಾಯಿತು. ಈ ಭಾರ ಹೊತ್ತು ಅಪ್ಪ ಇಷ್ಟು ವರ್ಷ ಹೇಗೆ ಉಸಿರಾಡಿದ?

ಒಂದು ಮಾತು ಹೇಳಿದರೆ ಸಾಕು, ಇಳಿಯುತ್ತಿತ್ತು. ಅವಳು ಒಲೆಯತ್ತ ತಿರುಗಿದ ಅಪ್ಪನ ನೆಟ್ಟಗಿನ ಬೆನ್ನು ನೋಡಿದಳು.

"ಹೌದಪ್ಪ," ಎಂದಳು. "ನಾನೇ ಹಾಕ್ದೆ."

ಅಪ್ಪ ಅವಳಿಗೆ ಬಡಿಸಿದ, ತಾನೂ ಬಡಿಸಿಕೊಂಡ. ಹಸಿದವನಂತೆ ಉಂಡ. ಎರಡನೇ ಸಲ ಅನ್ನ ಹಾಕಿಕೊಳ್ಳುತ್ತ, ತಲೆಯೆತ್ತದೆ ಕೇಳಿದ:

"ಅವನ ಮುಖ ನಿಂಗೆ ನೆನಪಿದ್ಯಾ?"

"ಇದೆ ಅಪ್ಪ," ಎಂದಳು. ಕಣ್ಣು ತುಂಬಿ ಬಂತು, ಯಾಕೆಂದರೆ ಅದು ನಿಜವಾಗಿತ್ತು. "ಕುರ್ಚಿ ಹಿಡ್ಕೊಂಡಿದ್ದ, ನಾನು ಬೀಳದ ಹಾಗೆ. ನಗ್ತಾ ಇದ್ದ."