ಗೋಡೆಗೆ ಕೊಟ್ಟ ಕಿವಿ

ಬಾಗಿಲು ತೆಗೆದವಳ ಕೈ ಚಿಲಕದ ಮೇಲೆಯೇ ಉಳಿಯಿತು.

ಹೊಸಿಲಾಚೆ ನಿಂತಿದ್ದವನು ಅವಳ ಗಂಡ. ಹೆಗಲಲ್ಲಿ ಸಲಕರಣೆಯ ಚೀಲ, ಕೈಯಲ್ಲಿ ಉದ್ದನೆಯ ಕಬ್ಬಿಣದ ಸಲಾಕೆ. ನಾಳೆ ಕೋರ್ಟಿನಲ್ಲಿ ಇಬ್ಬರೂ ಸಹಿ ಹಾಕಿದರೆ ಆ ಸಂಬಂಧವೂ ಮುಗಿಯುತ್ತದೆ.

"ಅಣ್ಣ ಮನೇಲಿಲ್ಲ," ಎಂದಳು.

"ಗೋಡೆ ಇದೆಯಲ್ಲ. ನಾನು ಅದನ್ನ ನೋಡೋಕೆ ಬಂದಿದ್ದು."

ಒಳಗಿನಿಂದ ಅತ್ತಿಗೆಯ ದನಿ ಬಂತು. "ನಾನೇ ಕರೆಸಿದ್ದು ಕಣೇ. ಈ ಮನೇಲಿ ಅಳೋಳು ನೀನೊಬ್ಬಳೇ ಅಂದ್ಕೊಂಡಿದ್ದೆ. ಈಗ ಗೋಡೆನೂ ಶುರು ಮಾಡಿದೆ."

ಅವನು ಎಲ್ಲ ನಲ್ಲಿಗಳನ್ನೂ ಬಿಗಿಯಾಗಿ ನಿಲ್ಲಿಸಿ, ಅಂಗಳದ ಮೀಟರಿನ ಮುಚ್ಚಳ ಎತ್ತಿದ. ಪುಟ್ಟ ಚಕ್ರ ಇನ್ನೂ ತಿರುಗುತ್ತಲೇ ಇತ್ತು.

"ಯಾರೂ ನೀರು ಬಳಸ್ತಿಲ್ಲ, ಆದ್ರೂ ಹೋಗ್ತಾ ಇದೆ. ಒಳಗೇ ಎಲ್ಲೋ ಒಡೆದಿದೆ."

ಒಳಗೆ ಒಡೆದಿದೆ ಅಂತ ತಿಳಿಯೋಕೆ ಇವರಿಗೆ ಮೀಟರು ಬೇಕು... ಎಂದುಕೊಂಡಳು.

ತೇವ ಹಬ್ಬಿದ್ದು ಅವಳ ಕೋಣೆಯಲ್ಲೇ, ಮಂಚದ ತಲೆಯ ಕಡೆ. ಸುಣ್ಣ ಉಬ್ಬಿ ಹಪ್ಪಳದಂತೆ ಎದ್ದಿತ್ತು. ಅವನು ಬಾಗಿ ಸಲಾಕೆಯ ತುದಿಯನ್ನು ಗೋಡೆಗೆ ಒತ್ತಿದ. ಅತ್ತಿಗೆ ಹಿಂದೆ ನಿಂತು ಹಳೆಯ ಪ್ಲಂಬರನನ್ನು ಬೈಯುತ್ತಲೇ ಇದ್ದಳು.

"ಅಕ್ಕಾ, ಸ್ವಲ್ಪ ಸುಮ್ಮನಿರಿ."

ಆ ಮಾತು ಅವಳ ಎದೆಯನ್ನು ಇರಿಯಿತು.

ಅಂದೂ ಅದೇ ಮಾತು. ತುಂಬಿದ ಬಸುರಿ, ಆಸ್ಪತ್ರೆಯಿಂದ ಸೀದಾ ಅವನು ಕೆಲಸ ಮಾಡುತ್ತಿದ್ದ ಮಹಡಿ ಮನೆಗೆ ಓಡಿದ್ದಳು. ಅವನು ಗೋಡೆಗೆ ಮುಖ ಮಾಡಿ ಕೂತಿದ್ದ. ಮಗುವಿನ ಬಗ್ಗೆ ಡಾಕ್ಟರು ಹೇಳಿದ್ದನ್ನು ಆ ಬೆನ್ನಿಗೇ ಹೇಳಿದಳು. ಅವನು ತಿರುಗಲೇ ಇಲ್ಲ. "ಸುಮ್ಮನಿರು," ಅಂದ. ಅಷ್ಟೇ.

ಅಲ್ಲಿಂದಲೇ ಒಬ್ಬಳೇ ಆಸ್ಪತ್ರೆಗೆ ತಿರುಗಿದಳು. ಮಗುವನ್ನು ಕಳೆದುಕೊಂಡವಳು ಅಣ್ಣನ ಮನೆ ಸೇರಿದಳು. ಅವನು ಬಂದು ಬಾಗಿಲು ಬಡಿದಾಗ ತೆರೆಯಬೇಡಿ ಎಂದು ಅಣ್ಣನಿಗೆ ಹೇಳಿದ್ದೂ ಅವಳೇ.

ಈಗ ಮೊದಲ ಸಲ ಪಕ್ಕದಿಂದ ಅವನ ಕೆಲಸ ನೋಡುತ್ತಿದ್ದಳು. ಒಂದು ಕಿವಿ ಸಲಾಕೆಯ ಈಚೆ ತುದಿಗೆ ಅಂಟಿತ್ತು. ಇನ್ನೊಂದು ಕಿವಿಯಲ್ಲಿ... ಬೆರಳು.

ಬೆರಳನ್ನು ಬಿಗಿಯಾಗಿ ತುರುಕಿ ಕಣ್ಣು ಮುಚ್ಚಿದ್ದ.

"ಯಾವಾಗಲೂ ಹೀಗೇನಾ?"

ಅವನಿಗೆ ಕೇಳಿಸಲೇ ಇಲ್ಲ. ಭುಜ ಅಲುಗಾಡಿಸಿದಳು. ಬೆಚ್ಚಿ ಬೆರಳು ತೆಗೆದ.

"ಏನಂದೆ?"

"ಯಾವಾಗಲೂ ಕಿವಿ ಮುಚ್ಚಿಕೊಂಡೇ ಕೇಳ್ತೀರಾ?"

"ಇನ್ನೇನು, ಹೊರಗಿನ ಗದ್ದಲದಲ್ಲಿ ಒಳಗಿನ ಹನಿ ಕೇಳುತ್ತಾ?"

"ಅವತ್ತು ಮಹಡಿ ಮನೇಲೂ...?"

"ಯಾವತ್ತು?"

"ನಾನು ಬಂದಿದ್ದೆನಲ್ಲ. ಸುಮ್ಮನಿರು ಅಂದ್ರಲ್ಲ."

ಅವನ ಮುಖ ಬಿಳಿಚಿಕೊಂಡಿತು. "ನೀನು... ಅಲ್ಲಿಗೆ ಬಂದಿದ್ಯಾ? ಹಿಂದೆ ಏನೋ ಗುಜುಗುಜು ಅಂತಿತ್ತು. ಆ ಮನೆ ಪುಟ್ಟಿ ಬೆಳಗಿಂದ ನನ್ನ ತಲೆ ತಿಂತಿದ್ಲು, ಅವಳೇ ಅಂದ್ಕೊಂಡು ಸುಮ್ಮನಿರು ಅಂದೆ. ಮಗು ವಿಷಯ ನೀನು ನನಗೆ ಹೇಳದೇ ಹೋದೆ ಅಂತ ಇಷ್ಟು ದಿನ... ಎಲ್ಲ ಮುಗಿದ ಮೇಲೆ ನಿಮ್ಮಣ್ಣ ಫೋನ್ ಮಾಡಿದ್ರು. ನಿನ್ನನ್ನ ಮನಸ್ಸಲ್ಲೇ ಎಷ್ಟು ಬೈದೆ ಗೊತ್ತಾ?"

ಅತ್ತಿಗೆ ಸದ್ದಿಲ್ಲದೆ ಹೊರಗೆ ಹೋದಳು.

"ಬಾಗಿಲು ಬಡಿದು ಸುಮ್ಮನಾದ್ರಲ್ಲ. ಇನ್ನೊಮ್ಮೆ ಬರಬಹುದಿತ್ತು."

"ಬರಬಹುದಿತ್ತು. ಸಿಟ್ಟು ಬಿಡಲಿಲ್ಲ."

"ನನಗೂ..."

ಅವನು ಉಳಿ ಹಿಡಿದ. ತೇವ ಕಂಡದ್ದು ಮಂಚದ ಬಳಿ; ಒಡೆದದ್ದು ದೂರದ ಬಚ್ಚಲ ಮೂಲೆಯಲ್ಲಿ. ಗಾರೆ ಕಿತ್ತಾಗ ಪೈಪಿನ ತುಕ್ಕು ತಿಂದ ತಿರುವಿನಿಂದ ನೀರು ಎಳೆಯಾಗಿ ಇಳಿಯುತ್ತಿತ್ತು. ಹಳೆಯ ತುಂಡನ್ನು ಕತ್ತರಿಸಿ ಹೊಸದನ್ನು ಕೂರಿಸಿದ. ಮೀಟರಿನ ಚಕ್ರ ನಿಂತಿತು.

ಚೀಲ ಕಟ್ಟಿದವನು ಹೋಗಲಿಲ್ಲ. ಸಲಾಕೆಯನ್ನು ನೆಲಕ್ಕಿಟ್ಟು ಅವಳೆದುರು ಕೂತ.

"ಅವತ್ತು ಹೇಳಿದ್ದನ್ನ ಈಗ ಹೇಳು."

"ಈಗ ಹೇಳಿ ಏನಾಗಬೇಕು?"

"ಏನೂ ಆಗಲ್ಲ. ಆದ್ರೂ ಹೇಳು. ನೀನೊಬ್ಬಳೇ ಹೊತ್ತಿದ್ದು ಸಾಕು."

ಅವಳು ಅದೇ ಮಾತನ್ನು, ಅಂದು ಹೇಳಿದಂತೆಯೇ ಹೇಳಿದಳು.

"ರೀ... ಮಗು ಎದೆಬಡಿತ ಕೇಳಿಸ್ತಿಲ್ವಂತೆ."

ಗೋಡೆಯೊಳಗಿನ ಹನಿಯನ್ನು ಕೇಳಬಲ್ಲವನು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಅತ್ತು ಅತ್ತು ಬತ್ತಿದ್ದ ಅವಳೆದುರು ಅವನು ಈಗಷ್ಟೇ ಅಳಲು ಶುರು ಮಾಡಿದ್ದ.

ಕ್ಷಮಿಸಿದಳೋ ಇಲ್ಲವೋ, ಅವಳಿಗೇ ತಿಳಿಯದು. ಕೈ ಮಾತ್ರ ತಾನಾಗಿ ಅವನ ತಲೆಯ ಮೇಲೆ ಹೋಯಿತು. ಕೂದಲಲ್ಲಿ ಗಾರೆಯ ಪುಡಿ.

"ನಾಳೆ ಕೋರ್ಟಿಗೆ..." ಎಂದ, ಮುಖ ಎತ್ತದೆ.

"ನಾನು ಹೋಗಲ್ಲ. ಗೋಡೆ ಯಾವಾಗ ಮುಚ್ಚುತ್ತೀರಿ?"

"ಒಣಗಬೇಕು. ಹಸಿ ಮೇಲೆ ಗಾರೆ ಹಾಕಿದ್ರೆ ನಿಲ್ಲಲ್ಲ. ದಿನಾ ಬಂದು ನೋಡ್ತೀನಿ."

"ಬನ್ನಿ."

ಅವನ ಬಿಕ್ಕು ಮತ್ತೆ ಉಕ್ಕಿತು. ಅವಳು ಆ ತಲೆಯನ್ನು ಮಡಿಲಿಗೆ ಎಳೆದುಕೊಂಡು, ಬರಿದಾದ ಹೊಟ್ಟೆಗೆ ಅವನ ಕಿವಿ ತಾಗುವಂತೆ ಒತ್ತಿ ಹಿಡಿದಳು.

"ಸುಮ್ಮನಿರಿ," ಎಂದಳು. "ಸುಮ್ಮನಿರಿ..."